ಜೇಬಿನಲ್ಲೇ ಉಳಿದ ಚೀಟಿ

ತನಗೆ ಏನು ಬೇಕು, ಯಾತಕ್ಕೆ ಬೇಕು ಎಂಬುದನ್ನು ಕೊಳ್ಳುವವನು ಮಾರುವವನಿಗೆ ತಿಳಿಯಗೊಡಬಾರದು. ಈ ಒಂದು ಮಾತನ್ನು ನಂಬಿಕೊಂಡೇ ನಾನು ಇಪ್ಪತ್ತೈದು ವರ್ಷ ವ್ಯಾಪಾರ ಮಾಡಿದೆ. ಗೋಣಿಬೀಡಿನಲ್ಲಿ ಕಾಫಿ ಮೂಟೆ ಹೊರುವ ಕೆಲಸಕ್ಕೆ ಸೇರಿದಾಗ ಏಳನೇ ಕ್ಲಾಸಿನ ಓದು ಬಿಟ್ಟರೆ ನನ್ನ ಹತ್ತಿರ ಬೇರೆ ಬಂಡವಾಳ ಇರಲಿಲ್ಲ. ಕೆಟ್ಟುಹೋದ ಒಂದು ಪಂಪ್‌ಸೆಟ್ ಕೊಂಡು, ರಿಪೇರಿ ಮಾಡಿ ಮಾರಿ, ಇನ್ನೊಂದು ಕೊಂಡು, ಹೀಗೇ ಮೂಡಿಗೆರೆಯಲ್ಲಿ ಹಳೇ ಮೆಷಿನ್‌ಗಳ ಶೆಡ್ ಹಾಕುವವರೆಗೆ ಬಂದೆ. ತೋಟದವರು ಕೈಬಿಟ್ಟ ಪಂಪು, ಸ್ಪ್ರೇಯರು, ಡೀಸೆಲ್ ಎಂಜಿನ್ನು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಇವೇ ನನ್ನ ಸರಕು. ಕೊಯ್ಲಿನ ಮಧ್ಯೆ ಯಾರದೋ ಪಲ್ಪರಿನ ಹಲ್ಲಿನ ಚಕ್ರ ಮುರಿದು, ಅಂಥದ್ದೇ ಒಂದು ಬಣಕಲ್ಲಿನಲ್ಲಿ ಯಾರದೋ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದೆ ಅಂತ ಗೊತ್ತಾದರೆ, ನಾನು ಅಲ್ಲಿ ಹೋಗಿ ಕೇಳುವುದು ಹಳೇ ಡ್ರಮ್ಮಿನ ಬೆಲೆ. ಚಕ್ರವನ್ನು ಹೊರಡುವಾಗ, ‘ಇದೊಂದು ಇರಲಿ’ ಅಂತ ಎತ್ತಿಕೊಳ್ಳುವುದು. ಬೇಕು ಅನ್ನುವುದು ಮುಖದಲ್ಲಿ ಕಂಡಿತೋ, ಬೆಲೆ ನಿಂತಲ್ಲೇ ಎರಡರಷ್ಟಾಯಿತು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ದೊಡ್ಡ ಸಾಮಾನು ಕೊಳ್ಳಲು ಜೀಪಿನಲ್ಲಿ ಹೋಗಬೇಡಿ. ಜೀಪಿನಿಂದ ಇಳಿದವನಿಗೆ ಒಂದು ಬೆಲೆ, ಬಸ್ಸಿನಿಂದ ಇಳಿದವನಿಗೆ ಒಂದು ಬೆಲೆ.

ಈ ಎಲ್ಲ ಜಾಣತನವೂ ಸೇರಿ ಒಂದು ಸಲ ನನ್ನ ಕುತ್ತಿಗೆಗೇ ಬಂತು. ಲ್ಯಾಪ್‌ಟಾಪ್ ಕೊಳ್ಳಲು ಹೊರಟವರಿಗೆ ಉಪಯೋಗವಾದರೂ ಆದೀತು ಅಂತ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿದ್ದಿರಬೇಕು. ಒಂದು ಶಾಫ್ಟ್ ಮಾಡಿಸಲು ಚಿಕ್ಕಮಗಳೂರಿನ ವರ್ಕ್‌ಶಾಪ್ ಒಂದಕ್ಕೆ ಹೋಗಿದ್ದೆ. ಅಲ್ಲಿ ಕಂಪ್ಯೂಟರಿನೊಳಗೆ ಒಂದು ಗೇರು ತಿರುಗುತ್ತಿತ್ತು. ಮೌಸ್ ಎಳೆದರೆ ಅದರ ಬೆನ್ನು ಕಾಣುತ್ತದೆ, ಅಡಿ ಕಾಣುತ್ತದೆ, ಮಧ್ಯಕ್ಕೆ ಸೀಳಿದರೆ ಒಳಗಿನ ತೂತಿನ ಅಳತೆಯೂ ಕಾಣುತ್ತದೆ. ಇಷ್ಟು ವರ್ಷ ನಾನು ಇದನ್ನೇ ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ, ಲೇತಿನವನಿಗೆ ಅರ್ಥವಾಗದೆ, ಕೊನೆಗೆ ಎರಡು ಕೈಯಲ್ಲಿ ಗಾಳಿಯಲ್ಲೇ ಚಕ್ರ ಮಾಡಿ ತೋರಿಸುತ್ತಿದ್ದವನು. ಶಾಫ್ಟಿನ ಮಾತು ಮರೆತು ಅಲ್ಲೇ ನಿಂತೆ. ಮುಂದಿನ ಭಾನುವಾರ ಅದನ್ನು ಕಲಿಸುವ ಕ್ಲಾಸಿಗೆ ಸೇರಿಕೊಂಡೆ. ಚಿಕ್ಕಮಗಳೂರಿನಲ್ಲಿ, ಬಸ್‌ಸ್ಟ್ಯಾಂಡಿನಿಂದ ನಡೆದುಹೋಗುವಷ್ಟು ದೂರದಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ ಇತ್ತು.

ಮನೆಯಲ್ಲಿ ಹೆಂಡತಿ ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿದಳು. “ಇದ್ರಿಂದ ಏನ್ ಹುಟ್ತದೆ?”

“ಏನೂ ಹುಟ್ಟಲ್ಲ ಕಣೇ.”

“ಮತ್ತೆ ಎಂತಕ್ಕೆ?”

“ಸುಮ್ನೆ. ಮಾಡ್ಬೇಕು ಅನ್ನಿಸ್ತದೆ.”

“ಗಂಡಸರಿಗೆ ಐವತ್ತರ ಹತ್ರ ಬಂದಾಗ ಏನಾದ್ರೂ ಒಂದು ಹಿಡೀತದೆ ಅಂತಾರೆ. ನಿಮಗೆ ಹಿಡಿದಿದ್ದು ಇದಾ? ಸದ್ಯ, ಇಷ್ಟಕ್ಕೇ ಹೋಯ್ತಲ್ಲ.”

ಕ್ಲಾಸಿನಲ್ಲಿ ಎಲ್ಲರೂ ಕಾಲೇಜಿನ ವಯಸ್ಸಿನವರು. ಕಲಿಸುವ ಮೇಡಮ್ಮಿಗೂ ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಆಕೆ ನನ್ನನ್ನು ‘ಸರ್’ ಅನ್ನುವುದು, ನಾನು ಆಕೆಯನ್ನು ‘ಮೇಡಂ’ ಅನ್ನುವುದು. ಪರದೆಯ ಮೇಲಿನ ಇಂಗ್ಲಿಷು ನನಗೆ ಅಷ್ಟಕ್ಕಷ್ಟೇ; ಗುಂಡಿಗಳ ಮೇಲಿನ ಚಿತ್ರ ನೋಡಿ ನೆನಪಿಟ್ಟುಕೊಂಡೆ. ಮೊದಲ ದಿನವೇ ನಾನು ಶೆಡ್ಡಿನಲ್ಲಿದ್ದ ಒಂದು ಹಳೇ ಪಲ್ಪರಿನ ಅಳತೆ ತೆಗೆದುಕೊಂಡು ಹೋಗಿದ್ದೆ. ಪಲ್ಪರಿನ ಡ್ರಮ್ಮಿಗೆ ಸುತ್ತಲೂ ಒಂದು ತಾಮ್ರದ ತಗಡು ಹೊದಿಸಿರುತ್ತಾರೆ. ಅದರ ಮೇಲೆ ನೂರಾರು ಸಣ್ಣ ಗುಳ್ಳೆಗಳು ಎದ್ದಿರುತ್ತವೆ. ಹಣ್ಣಿನ ಸಿಪ್ಪೆ ಹರಿಯುವುದು ಆ ಗುಳ್ಳೆಗೆ ಉಜ್ಜಿ. ಆ ಗುಳ್ಳೆಗಳನ್ನೆಲ್ಲ ಸಾಲು ಸಾಲಾಗಿ ಬರೆಯುತ್ತೇನೆ ಅಂದಾಗ ಮೇಡಂ, “ಸರ್, ಬೇರೆಯವ್ರು ಇನ್ನೂ ನಟ್ಟು ಬೋಲ್ಟಲ್ಲಿದ್ದಾರೆ,” ಅಂದರು. ನಾನು ಬಿಡಲಿಲ್ಲ.

ಎರಡು ತಿಂಗಳಾಗುತ್ತಿದ್ದ ಹಾಗೆ ಮೇಡಂ ಒಂದು ನಿಯಮ ಹೇಳಿದರು. ಇರುವುದು ಆರೇ ಕಂಪ್ಯೂಟರು, ಹೊಸ ಬ್ಯಾಚು ಬರುತ್ತಿದೆ. ಮುಂದಿನ ಭಾನುವಾರದಿಂದ ಹಳಬರು ತಮ್ಮದೇ ಲ್ಯಾಪ್‌ಟಾಪ್ ತರಬೇಕು, ತಮ್ಮ ಡ್ರಾಯಿಂಗನ್ನು ಅದರಲ್ಲಿ ತೆರೆದು ತಿರುಗಿಸಿ ತೋರಿಸಬೇಕು. ಆಗದವರು ಜಾಗ ಬಿಡಬೇಕು. ಅದಕ್ಕೆ ಹೊರಗೆ ಜನ ಕಾಯುತ್ತಿದ್ದಾರೆ.

“ನನಗೆ ಒಂದೆರಡು ವಾರ ಹೆಚ್ಚಿಗೆ ಕೊಡಿ ಮೇಡಂ,” ಅಂತ ಬೆಲೆ ಮಾತಾಡುವ ದನಿಯಲ್ಲೇ ಕೇಳಿದೆ.

“ನಿಮಗೆ ಅಂತ ಬೇರೆ ರೂಲ್ಸ್ ಮಾಡಕ್ಕಾಗಲ್ಲ ಸರ್. ತಗೊಳಿ, ಎಂಥದ್ದು ಬೇಕು ಅಂತ ಬರ್ದಿದ್ದೀನಿ. ಇದನ್ನ ಅಂಗಡಿಯವ್ರಿಗೆ ತೋರ್ಸಿ. ಮರೀಬೇಡಿ.”

ಚೀಟಿಯಲ್ಲಿ ಕನ್ನಡದಲ್ಲೇ ಬರೆದಿದ್ದರು. ರ‍್ಯಾಮ್ ಎರಡು ಜಿಬಿ. ಮೂರು ಗುಂಡಿಯ ಮೌಸ್. ಗ್ರಾಫಿಕ್ಸ್ ಕಾರ್ಡ್ ಬೇರೆಯದೇ ಇರಬೇಕು. ‘ಬೇರೆಯದೇ’ ಅನ್ನುವುದರ ಕೆಳಗೆ ಎರಡು ಗೆರೆ ಎಳೆದಿದ್ದರು.

ಮೇಜಿನ ಮೇಲೆ ಇಡುವ ಕಂಪ್ಯೂಟರೇ ಅಗ್ಗ ಅಂತ ನನಗೂ ಗೊತ್ತಿತ್ತು. ಆದರೆ ಕ್ಲಾಸಿಗೆ ಹೊತ್ತು ತರಬೇಕಲ್ಲ. ಅಲ್ಲದೆ ಮೂಡಿಗೆರೆಯಲ್ಲಿ ಕರೆಂಟು ಹೋದರೆ ಅದು ಬಂದಾಗ ಬಂತು. ಕಳಸದ ಮೇಲಿನ ತೋಟಗಳಿಗೆ ಹೋದಾಗ ಮೆಷಿನ್ ಪಕ್ಕದಲ್ಲೇ ಕೂತು ಅಳತೆ ಹಾಕಿಕೊಳ್ಳಬಹುದು ಅಂತಲೂ ಆಸೆ. ಒಟ್ಟಿನಲ್ಲಿ ಹೇಳುವುದಾದರೆ, ಇನ್ನೊಬ್ಬರಿಗೆ ಮಾರುವುದಕ್ಕಲ್ಲದೆ ನಾನು ಕೊಳ್ಳಲು ಹೊರಟ ಮೊದಲನೇ ಮೆಷಿನ್ ಅದು.

ಗುರುವಾರ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋದೆ. ಅಂಗಡಿಯವರು ನನ್ನದೇ ವಯಸ್ಸಿನ ಮನುಷ್ಯ, ಹಣೆಯ ಮೇಲೆ ವಿಭೂತಿ, ಮಾತಿನಲ್ಲಿ ಅವಸರವಿಲ್ಲ. ಗಾಜಿನ ಹಿಂದೆ ಎರಡು ಲ್ಯಾಪ್‌ಟಾಪ್. ಒಂದು ಬೆಳ್ಳಿ ಬಣ್ಣದ್ದು, ತೆಳ್ಳಗೆ, ನೋಡಲು ಚಂದ. ಇನ್ನೊಂದು ಕಪ್ಪು, ದಪ್ಪ, ಇಟ್ಟಿಗೆಯ ಹಾಗೆ. ನನ್ನ ಕಣ್ಣು ಕಪ್ಪಿನ ಮೇಲೆಯೇ. ಮೆಷಿನ್ ವಿಷಯದಲ್ಲಿ ತೂಕ ಸುಳ್ಳು ಹೇಳುವುದು ಕಡಿಮೆ. ಆದ್ದರಿಂದಲೇ ಬೆಳ್ಳಿಯದರ ಬೆಲೆ ಕೇಳಿದೆ.

“ಯಾತಕ್ಕೆ ಬೇಕಿತ್ತು ಯಜಮಾನ್ರಿಗೆ?” ಅಂದರು.

ಚೀಟಿ ಅಂಗಿ ಜೇಬಿನಲ್ಲಿತ್ತು. “ಹೀಗೇ, ಮನೇಲಿ ಒಂದು ಇರ್ಲಿ ಅಂತ. ಕಾಗದ ಪತ್ರ ಬರೆಯಕ್ಕೆ, ಫೋಟೋ ನೋಡಕ್ಕೆ.”

“ಹಂಗಾದ್ರೆ ಬೆಳ್ಳೀದೇ ಸೈ.”

“ಆ ಕರೀದು?”

“ಅದು ಜಾಸ್ತಿ ಆಗ್ತದೆ. ನಿಮಗೆ ಅಷ್ಟು ದೊಡ್ಡದು ಎಂತಕ್ಕೆ ಮಾರಾಯ್ರೇ? ಕಮ್ಮೀಲಿ ಬೇಕು ಅಂದ್ರೆ ಒಳಗೆ ಒಂದು ಹಳೇದು ಉಂಟು, ಗಟ್ಟಿ ಮಾಲು, ತೋರಿಸ್ಲಾ?”

ನನಗೆ ಮೈ ಉರಿಯಿತು. “ಹಳೇದು ಮಾರೋನಿಗೇ ಹಳೇದು ತೋರಿಸ್ತೀರಾ? ನನ್ನ ಶೆಡ್ ತುಂಬ ಅದೇ ಇರೋದು.”

ಅವರು ನಕ್ಕು ಸುಮ್ಮನಾದರು. ನಾನು ಬೆಳ್ಳಿಯದನ್ನು ತಿರುಗಿಸಿ ಮುರುಗಿಸಿ ನೋಡಿದೆ. ಅದರ ಮೇಲಂಟಿಸಿದ್ದ ಕಾಗದದಲ್ಲಿ ಎರಡು ಜಿಬಿ ಅಂತ ಇತ್ತು. “ಇದ್ರಲ್ಲಿ ಗ್ರಾಫಿಕ್ಸ್ ಅಂತ ಎಂತದೋ ಇರ್ತದಲ್ಲ, ಉಂಟಾ?” ಅಂತ ಯಾರೋ ಹೇಳಿದ್ದು ನೆನಪಾದವನ ಹಾಗೆ ಕೇಳಿದೆ.

“ಅದಿಲ್ದೆ ಪರದೆ ಮೇಲೆ ಚಿತ್ರ ಹೇಗೆ ಬರ್ತದೆ? ಉಂಟು.”

ಬೇರೆಯದೇ ಉಂಟಾ ಅಂತ ಕೇಳುವುದೊಂದು ಬಾಕಿ. ಕೇಳಿದರೆ ನನಗೆ ವಿಷಯ ಗೊತ್ತು, ನನಗೆ ಅದು ಬೇಕು ಅಂತ ತಿಳಿದುಬಿಡುತ್ತದಲ್ಲ! ಕೇಳಲಿಲ್ಲ. ಬೆಲೆ ಮಾತಿಗೆ ಇಳಿದೆ. ಬಾಗಿಲವರೆಗೆ ಎರಡು ಸಲ ಹೋಗಿ ಬಂದೆ. ಮೂರನೇ ಸಲ ಹೋಗುವ ಮೊದಲೇ ಅವರು ಒಪ್ಪಿದರು, ಮೇಲೆ ಒಂದು ಚೀಲವನ್ನೂ ಮೌಸನ್ನೂ ಕೊಟ್ಟರು. ಇಲ್ಲೊಂದು ಕಿವಿಮಾತು: ಬೆಲೆ ಅಷ್ಟು ಸಲೀಸಾಗಿ ಇಳಿಯಿತು ಅಂದರೆ ನಿಂತು ಯೋಚನೆ ಮಾಡಿ. ನಾನು ಮಾಡಲಿಲ್ಲ. ಆಲ್ದೂರು ದಾಟುವವರೆಗೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಒಳಗೊಳಗೇ ನಗುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ, ಮೇಡಂ ಕೊಟ್ಟ ಸಿಡಿ ಹಾಕಿ ಸಾಫ್ಟ್‌ವೇರ್ ತುಂಬಿದೆ. ಪೆನ್‌ಡ್ರೈವ್‌ನಲ್ಲಿದ್ದ ನನ್ನ ಪಲ್ಪರನ್ನು ತೆರೆದೆ. ಮೊದಲು ಬೋಳು ಡ್ರಮ್ಮು ಬಂತು. ಆಮೇಲೆ ಒಂದು ಸಾಲು ಗುಳ್ಳೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಾಲು. ಎಲ್ಲ ಬಂದು ಮುಗಿಯುವ ಹೊತ್ತಿಗೆ ಹೆಂಡತಿ ಪಾತ್ರೆ ತೊಳೆದು ಬಂದು ಹಿಂದೆ ನಿಂತಿದ್ದಳು. ಮೌಸ್ ಹಿಡಿದು ಎಳೆದೆ. ಡ್ರಮ್ಮು ಅಲುಗಲಿಲ್ಲ. ಇನ್ನೊಮ್ಮೆ ಎಳೆದೆ. ಪರದೆ ಬೆಳ್ಳಗಾಗಿ, ಸಾಫ್ಟ್‌ವೇರೇ ಮುಚ್ಚಿಹೋಯಿತು.

“ಕಾಗದ ಬರೆಯೋದು ಚೆನ್ನಾಗಿ ಬರ್ತದಲ್ಲ, ಬಿಡಿ,” ಅಂದಳು. ಅಂಗಡಿಯಲ್ಲಿ ನಾನು ಬಿಟ್ಟ ಸುಳ್ಳನ್ನು ಹಿಂದಿನ ಸಂಜೆ ಅವಳಿಗೆ ಕೊಚ್ಚಿಕೊಂಡು ಹೇಳಿದ್ದೆ.

ಮೂರು ಸಲ ತೆರೆದೆ, ಮೂರು ಸಲವೂ ಅಷ್ಟೇ. ಮೇಡಮ್ಮಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಆಕೆ ಒಂದೇ ಪ್ರಶ್ನೆ ಕೇಳಿದರು. “ಸರ್, ನಾನು ಕೊಟ್ಟ ಚೀಟಿ ತೋರಿಸಿದ್ರಾ?”

ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿನಿಂದ ಚೀಟಿ ತೆಗೆದೆ.

“ಚಿತ್ರದ ಕೆಲ್ಸಕ್ಕೇ ಅಂತ ಬೇರೆ ಕಾರ್ಡ್ ಇಲ್ಲ ಅಂದ್ರೆ ಆ ಗುಳ್ಳೆಗಳನ್ನೆಲ್ಲ ತಿರುಗಿಸಕ್ಕೆ ಅದಕ್ಕೆ ಶಕ್ತಿ ಸಾಕಾಗಲ್ಲ ಸರ್. ಗುಳ್ಳೆ ಅಳಿಸಿ, ಬರೀ ಡ್ರಮ್ ತೋರಿಸ್ತೀರಾ?”

“ಗುಳ್ಳೆ ಇಲ್ದಿದ್ರೆ ಅದು ಪಲ್ಪರ್ ಅಲ್ಲ ಮೇಡಂ. ಸೀಮೆಎಣ್ಣೆ ಡ್ರಮ್ಮು.”

“ಹಾಗಾದ್ರೆ ಭಾನುವಾರದೊಳಗೆ ಬೇರೆ ನೋಡ್ಕೊಳಿ ಸರ್.”

ಫೋನ್ ಇಟ್ಟ ಮೇಲೆ ನನಗೆ ವಿಷಯ ಹೊಳೆಯಿತು. ಸಣ್ಣ ತೋಟಗಳಲ್ಲಿ ಒಂದೇ ಎಂಜಿನ್ನಿಗೆ ಎರಡು ಬೆಲ್ಟ್ ಹಾಕಿ ಪಲ್ಪರನ್ನೂ ನೀರಿನ ಪಂಪನ್ನೂ ಒಟ್ಟಿಗೆ ಓಡಿಸಲು ನೋಡುತ್ತಾರೆ. ಹಣ್ಣು ಕಡಿಮೆ ಇದ್ದಾಗ ಓಡುತ್ತದೆ, ಹಣ್ಣು ತುಂಬಿಸಿದ ಕೂಡಲೇ ಎಂಜಿನ್ನು ಉಸಿರು ಕಟ್ಟಿ ನಿಲ್ಲುತ್ತದೆ. ಪಲ್ಪರಿಗೆ ಬೇರೆಯದೇ ಮೋಟರ್ ಇಡಿ ಅಂತ ನಾನೇ ನೂರು ಜನಕ್ಕೆ ಬುದ್ಧಿ ಹೇಳಿದ್ದೇನೆ. ಚೀಟಿಯಲ್ಲಿ ಎರಡು ಗೆರೆ ಎಳೆದು ಬರೆದಿದ್ದೂ ಅದೇ ಮಾತು.

ಶನಿವಾರ ಬೆಳಿಗ್ಗೆ ಕೊಟ್ಟಿಗೆಹಾರಕ್ಕೆ ಒಂದು ಎಂಜಿನ್ನು ತಲುಪಿಸುವುದಿತ್ತು, ತಪ್ಪಿಸುವ ಹಾಗಿರಲಿಲ್ಲ. ಅದನ್ನು ಮುಗಿಸಿ ಬಂದು ಬಸ್ಸು ಹಿಡಿದೆ. ಹ್ಯಾಂಡ್‌ಪೋಸ್ಟಿನಲ್ಲಿ ಟಯರ್ ಪಂಕ್ಚರ್ ಆಗಿ ಅರ್ಧ ಗಂಟೆ ಅಲ್ಲೇ ಹೋಯಿತು. ನನ್ನದೇ ಜೀಪು ಮನೆಯ ಮುಂದೆ ನಿಂತಿತ್ತು. ಬಸ್ಸಿನಿಂದ ಇಳಿದವನ ಬೆಲೆಯೇ ಬೇಕು ಅಂತ ಆ ದಿನವೂ ಬಸ್ಸಿಗೇ ಹೋಗಿದ್ದ ನನ್ನ ಬುದ್ಧಿಗೆ ಏನು ಹೇಳಲಿ.

ಅಂಗಡಿ ಮುಟ್ಟಿದಾಗ ಮೂರೂ ಕಾಲು. ಗೋಡೆಯ ಮೇಲೆ ‘ಬಿಚ್ಚಿದ ಮಾಲು ವಾಪಸ್ ಇಲ್ಲ’ ಅಂತ ಬೋರ್ಡು ಇದ್ದದ್ದು ಗುರುವಾರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಥರ್ಮೊಕೋಲು, ಪ್ಲಾಸ್ಟಿಕ್ ಕವರು, ವೈರಿಗೆ ಸುತ್ತಿದ್ದ ಸಣ್ಣ ತಂತಿ, ಎಲ್ಲವೂ ಇದ್ದ ಹಾಗೇ. ಕೊಂಡದ್ದರ ಡಬ್ಬಿಯನ್ನು ಒಂದು ತಿಂಗಳಾದರೂ ಬಿಸಾಡಬೇಡಿ. ಈ ಬುದ್ಧಿಯೊಂದು ಮಾತ್ರ ಆ ದಿನ ನನ್ನನ್ನು ಕಾಯಿತು.

“ಏನಾಯ್ತು? ಕಾಗದ ಬರೆಯಕ್ಕೆ ಬರ್ಲಿಲ್ವಾ?” ಅಂದರು ಅಂಗಡಿಯವರು.

ಚೀಟಿ ತೆಗೆದು ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು.

“ಈ ಚೀಟಿ ಗುರುವಾರ ಎಲ್ಲಿತ್ತು?”

“ಜೇಬಲ್ಲೇ ಇತ್ತು.”

“ಮತ್ತೆ ತೆಗೀಲಿಲ್ಲ ಯಾಕೆ?”

“ನೀವು ಬೆಲೆ ಏರಿಸ್ತೀರಿ ಅಂತ.”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಬೈದಿದ್ದರೆ ವಾಸಿಯಿತ್ತು. “ನಾನು ನಿಮಗೆ ಉಪಕಾರ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ ಮಾರಾಯ್ರೇ. ಪಾಪ, ಕಾಗದ ಬರೆಯೋರಿಗೆ ದುಬಾರಿ ಮಾಲು ಯಾಕೆ ಕಟ್ಟೋದು ಅಂತ. ಮೊದಲೇ ಒಂದು ಮಾತು ಹೇಳಬಾರ್ದಿತ್ತಾ?”

ಆಮೇಲೆ ಬೆಳ್ಳಿಯದನ್ನು ಎಲ್ಲ ಕಡೆ ನೋಡಿ, ಗೀರು ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ಬದಲಿಗೆ ಬೇರೆ ಮೆಷಿನ್ ಕೊಡುತ್ತೇನೆ, ದುಡ್ಡು ಮಾತ್ರ ವಾಪಸ್ ಕೇಳಬೇಡಿ ಅಂದರು. ನಾನು ಕಪ್ಪಿನ ಕಡೆ ಕೈ ತೋರಿಸಿದೆ. ಈ ಸಲ ಕೈ ತೋರಿಸುವಾಗ ನಾಚಿಕೆ ಬಿಟ್ಟಿದ್ದೆ.

“ಅದಕ್ಕೆ ನಿನ್ನೆ ಒಬ್ರಿಗೆ ಮಾತು ಕೊಟ್ಟಾಗಿದೆ. ಇವತ್ತು ನಾಲ್ಕು ಗಂಟೆವರೆಗೆ ಇಡ್ತೀನಿ ಅಂದಿದ್ದೀನಿ. ಬರದಿದ್ರೆ ನಿಮ್ಮದು.”

“ಇನ್ನೊಂದು ತರಿಸಿದ್ರೆ?”

“ಬೆಂಗಳೂರಿಂದ ಬರ್ಬೇಕು. ಎಂಟು ದಿನ.”

ಗಡಿಯಾರದಲ್ಲಿ ಮೂರೂವರೆ. ನಾನು ಸ್ಟೂಲಿನ ಮೇಲೆ ಕೂತೆ. ಬೀದಿಯಲ್ಲಿ ಯಾರು ಅಂಗಡಿಯ ಕಡೆ ತಿರುಗಿದರೂ ಅವರೇ ಇರಬೇಕು ಅಂತ ಎದ್ದು ನೋಡುತ್ತಿದ್ದೆ. ಮೂರೂ ಮುಕ್ಕಾಲಿಗೆ ನಾನು ಜೀವಮಾನದಲ್ಲಿ ಆಡದ ಮಾತು ಆಡಿದೆ. “ನೀವು ಹೇಳೋ ಬೆಲೆ ಮೇಲೆ ಎರಡು ಸಾವಿರ ಜಾಸ್ತಿ ಇಟ್ಕೊಳಿ. ಈಗಲೇ ಕೊಡಿ.”

“ಗುರುವಾರ ಇನ್ನೂರು ರೂಪಾಯಿಗೆ ಎರಡು ಸಲ ಬಾಗಿಲವರೆಗೆ ಹೋಗಿ ಬಂದವ್ರು ನೀವೇ ಅಲ್ವಾ?” ಅಂದರು. “ಮಾತು ಕೊಟ್ಟಾಗಿದೆ. ಕೂತ್ಕೊಳಿ. ಕಾಫಿ ತರಿಸ್ಲಾ?”

ಬೇಡ ಅಂದೆ.

ನಾಲ್ಕಕ್ಕೆ ಇನ್ನೂ ಐದು ನಿಮಿಷ ಇತ್ತು. ಬಿಳಿ ಪಂಚೆಯ ಹಿರಿಯರೊಬ್ಬರು ಮೆಟ್ಟಿಲು ಹತ್ತಿ ಬಂದರು. ಕಳಸದ ಕಡೆಯ ತೋಟದವರು. ನೋಡಿದ ಕೂಡಲೇ ಗುರುತು ಸಿಕ್ಕಿತು. ಮೂರು ವರ್ಷದ ಹಿಂದೆ ಅವರಿಗೆ ನಾನೊಂದು ಪಂಪ್‌ಸೆಟ್ ಮಾರಿದ್ದೆ. ಬಂದವರೇ ಅವರು ಕಪ್ಪಿನ ಕಡೆ ನೋಡಲೇ ಇಲ್ಲ. ಬೆಳ್ಳಿಯದನ್ನು ನೋಡಿ, “ಇದೆಷ್ಟು?” ಅಂದರು. ನನ್ನದೇ ವಿದ್ಯೆ! ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಆಮೇಲೆ ನನ್ನನ್ನು ಕಂಡರು. “ಅರೆ, ಮೂಡಿಗೆರೆ ಮೆಷಿನ್ ಅವ್ರಲ್ವಾ! ನಿಮ್ಮ ಪಂಪು ಇನ್ನೂ ಓಡ್ತಾ ಉಂಟು ಮಾರಾಯ್ರೇ. ಸಿಕ್ಕಿದ್ದು ಒಳ್ಳೇದಾಯ್ತು. ಈ ಕರೀದಕ್ಕೆ ಹೇಳಿಟ್ಟಿದ್ದೀನಿ, ನೀವೊಂದು ಮಾತು ಹೇಳಿ. ತಗೋಬಹುದಾ? ನೀವು ಬೇಡ ಅಂದ್ರೆ ಬೇಡ.”

ಅಂಗಡಿಯವರು ಚೀಟಿಯ ಮೇಲೆ ಕೈ ಇಟ್ಟು ನನ್ನನ್ನೇ ನೋಡುತ್ತಿದ್ದರು. ಅವರು ಬಾಯಿ ಬಿಡುವುದಿಲ್ಲ ಅಂತ ನನಗೆ ಗೊತ್ತಾಯಿತು. ‘ಬಿಸಿಯಾಗ್ತದೆ ಗೌಡ್ರೇ, ಭಾರ ಬೇರೆ’ ಅಂದುಬಿಟ್ಟರೆ ಸಾಕು. ಸುಳ್ಳೂ ಅಲ್ಲ. ಅಂಥ ಅರ್ಧ ಮಾತುಗಳಿಂದ ನಾನು ಎಷ್ಟೋ ವ್ಯಾಪಾರ ತಿರುಗಿಸಿದ್ದೇನೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೇಳಿದ್ದು ಏನು? ಸಲಹೆ. ಸಲಹೆ ಕೇಳಿದವರಿಗೆ ಕೆಟ್ಟ ಮಾಲು ಒಳ್ಳೆಯದು ಅಂತ ನಾನು ಯಾವತ್ತೂ ಹೇಳಿದವನಲ್ಲ. ಒಳ್ಳೆಯದನ್ನು ಕೆಟ್ಟದ್ದು ಅಂತ ಹೇಳುವುದೂ ಅಷ್ಟೇ ಅಲ್ಲವೇ. ಆ ಪಂಪು ಮೂರು ವರ್ಷ ಓಡಿ ಗಳಿಸಿದ ನಂಬಿಕೆ ನನ್ನ ಕೊರಳಿಗೆ ಸುತ್ತಿಕೊಂಡಿತು.

“ಯಾತಕ್ಕೆ ಬೇಕು ಗೌಡ್ರೇ?” ಅಂದೆ.

“ಸುಮ್ನೆ. ಮನೇಲಿ ಇರ್ಲಿ ಅಂತ.”

“ಹಂಗಂದ್ರೆ ಆಗಲ್ಲ. ಕಾಗದ ಬರೆಯಕ್ಕಾದ್ರೆ ಇದು ಬುತ್ತಿ ಹೊರೋದಕ್ಕೆ ಲಾರಿ ತಗೊಂಡ ಹಾಗೆ, ಬೆಳ್ಳೀದು ಸಾಕು. ಚಿತ್ರ ಬರೆಯೋದಿದ್ರೆ ಇದೇ ಬೇಕು. ಎರಡರಲ್ಲಿ ಯಾವುದು, ಬಾಯಿ ಬಿಟ್ಟು ಹೇಳಿ. ನಾನು ಬಾಯಿ ಬಿಡದೇ ಕೆಟ್ಟು ಬಂದು ಕೂತಿದ್ದೀನಿ.”

ಹಿರಿಯರು ಒಮ್ಮೆ ಅಂಗಡಿಯವರ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಒಳಜೇಬಿಗೆ ಕೈ ಹಾಕಿ ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದರು. “ಸೊಸೆ ಬರ್ದು ಕೊಟ್ಟದ್ದು. ಮನೆ ಪ್ಲಾನ್ ಹಾಕೋದು ಕಲ್ತಿದ್ದಾಳೆ. ತೋರಿಸಿದ್ರೆ ಇವ್ರು ಬೆಲೆ ಏರಿಸ್ತಾರೇನೋ ಅಂತ...”

ಅಂಗಡಿಯವರು ಎರಡು ಚೀಟಿಯನ್ನೂ ಪಕ್ಕ ಪಕ್ಕ ಇಟ್ಟರು. ಎರಡರಲ್ಲೂ ಅದೇ ಮೂರು ಮಾತು. ಸೊಸೆ ‘ಬೇರೆಯದೇ’ ಅನ್ನುವುದರ ಸುತ್ತ ಒಂದು ಸೊನ್ನೆ ಸುತ್ತಿದ್ದಳು.

“ನಮ್ಮ ಕಡೆಯವ್ರಿಗೆ ಮಾಲು ಮಾರೋದು ಅಂದ್ರೆ ಕಣ್ಣು ಕಟ್ಟಿ ಕುಂಟಾಬಿಲ್ಲೆ ಆಡಿದ ಹಾಗೆ,” ಅಂದರು ಅಂಗಡಿಯವರು, ತಮಗೆ ತಾವೇ.

“ತಗೊಳಿ ಗೌಡ್ರೇ,” ಅಂದೆ. “ನಿಮಗೆ ಇದೇ ಸರಿ.”

ಅಂಗಡಿಯವರು ಕಪ್ಪನೆಯದನ್ನು ಡಬ್ಬಿಗೆ ಹಾಕಿ, ದಾರ ಸುತ್ತಿ ಕೊಟ್ಟರು; ಹಿರಿಯರು ಅದನ್ನು ಹಿಡಿದು ಕೆಳಗಿಳಿಯುವುದನ್ನು ನೋಡಿದೆ. ನಾಲ್ಕೂವರೆ. ನಾಳೆ ಹತ್ತಕ್ಕೆ ಕ್ಲಾಸು. ಬೇರೆ ಅಂಗಡಿಯಲ್ಲಿ ಕೇಳೋಣವೆಂದರೆ ಅದರ ದುಡ್ಡು ಇಲ್ಲಿ ಬೆಳ್ಳಿಯದರಲ್ಲಿ ಕೂತಿದೆ. ಎದ್ದು ನಿಂತೆ.

“ಆವತ್ತು ಹೇಳಿದ ಹಳೇದು... ಇದ್ಯಾ?” ಅಂದೆ.

ಅಂಗಡಿಯವರು ಒಂದು ಮಾತೂ ಚುಚ್ಚದೆ ಒಳಗೆ ಹೋಗಿ ತಂದರು. ಕಾಫಿ ಬೀಜದ ಪೊರೆ ಸುಲಿದು ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯ ಎಂಜಿನಿಯರ್ ಒಬ್ಬರದಂತೆ. ಒಂದು ಮೂಲೆ ಒಡೆದಿತ್ತು, ಒಂದು ಗುಂಡಿಯ ಮುಚ್ಚಳ ಹೋಗಿತ್ತು, ಬ್ಯಾಟರಿ ಕಾಲು ಗಂಟೆ ಬಂದರೆ ಹೆಚ್ಚು. ಆದರೆ ಕಾರ್ಡು ಬೇರೆಯದೇ ಇತ್ತು. ಮೂಟೆಯ ಬಾಯಲ್ಲಿ ಕಾಣುವ ಕಾಯಿ ನೋಡಿ ಕಾಫಿ ಕೊಳ್ಳುವವನು ಕೆಡುತ್ತಾನೆ. ಒಂದಿಷ್ಟು ತೆಗೆದು, ಸಿಪ್ಪೆ ಸುಲಿದು, ಬೀಜ ಎಷ್ಟು ನಿಂತಿತು ಅಂತ ತೂಗಿ ನೋಡುವುದಕ್ಕೆ ಔಟ್‌ಟರ್ನ್ ಅನ್ನುತ್ತೇವೆ. “ಇದರ ಔಟ್‌ಟರ್ನ್ ನೋಡ್ಬೇಕು,” ಅಂದೆ. ಸಿಡಿಯೂ ಪೆನ್‌ಡ್ರೈವೂ ನನ್ನ ಚೀಲದಲ್ಲೇ ಇದ್ದವು. ಗುರುವಾರವೇ ಮಾಡಬೇಕಿದ್ದ ಕೆಲಸ. ಲ್ಯಾಪ್‌ಟಾಪ್ ಕೊಳ್ಳುವವರು ಇದನ್ನೊಂದು ಮರೆಯಬೇಡಿ: ನೀವು ಮಾಡುವ ಕೆಲಸದಲ್ಲೇ ಅತಿ ಭಾರದ್ದನ್ನು ಅಂಗಡಿಯಲ್ಲೇ ಅದರ ಮೇಲೆ ಹೇರಿ ನೋಡಿ.

ಸಾಫ್ಟ್‌ವೇರ್ ತುಂಬಲು ಅರ್ಧ ಗಂಟೆ ಹಿಡಿಯಿತು. ಪಲ್ಪರು ಬಂತು, ಗುಳ್ಳೆಗಳೆಲ್ಲ ಒಟ್ಟಿಗೇ ಬಂದವು. ಎಳೆದೆ. ಡ್ರಮ್ಮು ತಿರುಗಿತು. ಎಣ್ಣೆ ಹಾಕಿದ ಬೇರಿಂಗಿನ ಹಾಗೆ ತಿರುಗಿತು. ನಾನು ಉಸಿರು ಬಿಡುವಷ್ಟರಲ್ಲಿ ಒಳಗಿನ ಫ್ಯಾನು ಕಿರುಗುಟ್ಟಿ, ಅಡಿಭಾಗ ಕೈ ಇಡಲಾಗದಷ್ಟು ಕಾದು, ಪರದೆ ಆರಿಹೋಯಿತು.

“ಇದಕ್ಕೇ ಮೂಲೇಲಿ ಇಟ್ಟಿದ್ದು,” ಅಂದರು ಅಂಗಡಿಯವರು. “ಕಾಗದ ಬರೆದ್ರೆ ಏನಾಗಲ್ಲ. ಭಾರದ ಕೆಲ್ಸ ಕೊಟ್ರೆ ಹತ್ತು ನಿಮಿಷ.”

ನಾನು ಕಿವಿ ಹತ್ತಿರ ಹಿಡಿದು ಮತ್ತೆ ಹಾಕಿಸಿದೆ. ಆ ಕಿರುಗುಟ್ಟುವಿಕೆ ನನಗೆ ಪರಿಚಯದ್ದು. ಕಾರ್ಖಾನೆಯ ಮೋಟರುಗಳಲ್ಲಿ ಪಾರ್ಚ್‌ಮೆಂಟಿನ ಹೊಟ್ಟು, ಅಂದರೆ ಕಾಫಿ ಬೀಜದ ಮೇಲಿನ ಒಣ ಪೊರೆಯ ಧೂಳು, ಹೋಗಿ ಕೂತಾಗ ಬರುವ ಸದ್ದು. ಗಾಳಿ ಬರುವ ಸಂದಿಗೆ ಮೂಗು ಹಿಡಿದೆ. ಅದೇ ಒಣ ವಾಸನೆ.

“ಒಂದು ಸ್ಕ್ರೂ ಡ್ರೈವರ್ ಕೊಡಿ.”

“ಬಿಚ್ಚಿದ್ರೆ ನಿಮ್ದೇ ಮಾರಾಯ್ರೇ. ಓಡಿದ್ರೂ ನಿಮ್ದು, ಸತ್ರೂ ನಿಮ್ದು.”

ಲ್ಯಾಪ್‌ಟಾಪಿನ ಹೊಟ್ಟೆ ನಾನು ಅಲ್ಲಿಯವರೆಗೆ ಕಂಡವನಲ್ಲ. ಸದ್ದು ನಂಬಿ ಬಿಚ್ಚಿದೆ. ಸಣ್ಣ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಚೀಟಿಯ ಹಿಂಬದಿಯಲ್ಲಿ ಸಾಲಾಗಿ ಇಡುತ್ತಾ ಹೋದೆ. ಒಂದು ಉರುಳಿ ಬಿದ್ದು ಅಂಗಡಿಯವರೇ ಬಗ್ಗಿ ಹುಡುಕಿ ಕೊಟ್ಟರು. ಮುಚ್ಚಳ ತೆಗೆದರೆ ಫ್ಯಾನಿನ ಬಾಯಿಗೆ ಕಂಬಳಿಯ ತುಂಡಿನ ಹಾಗೆ ಹೊಟ್ಟು ಮೆತ್ತಿಕೊಂಡಿತ್ತು. ಹಲ್ಲುಜ್ಜುವ ಹೊಸ ಬ್ರಷ್ಷೊಂದನ್ನು ಪಕ್ಕದ ಅಂಗಡಿಯಿಂದ ತಂದು, ಅಷ್ಟನ್ನೂ ಬಿಡಿಸಿ, ಊದಿ, ಮತ್ತೆ ಮುಚ್ಚಿದೆ. ಗುಂಡಿ ಒತ್ತಿದೆ. ಒಂದು ಕ್ಷಣ ಏನೂ ಬರಲಿಲ್ಲ. ಆಮೇಲೆ ಫ್ಯಾನು ಮೆತ್ತಗೆ ಎದ್ದಿತು.

ಹತ್ತು ನಿಮಿಷ ಡ್ರಮ್ಮು ತಿರುಗಿಸಿದೆ. ಇಪ್ಪತ್ತು ನಿಮಿಷ ತಿರುಗಿಸಿದೆ. ಅಡಿಭಾಗ ಉಗುರುಬೆಚ್ಚಗೆ ನಿಂತಿತು. ಅಂಗಡಿಯವರು ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, “ಈ ಗುಳ್ಳೆ ಎಲ್ಲ ನೀವೇ ಬರೆದದ್ದಾ?” ಅಂದರು.

“ಒಂದೊಂದು ಸಾಲು.”

“ಇದರಿಂದ ಎಂತ ಹುಟ್ತದೆ?”

“ಎಂತದೂ ಇಲ್ಲ. ಸುಮ್ನೆ.”

ಅವರು ಬೆಲೆ ಹೇಳಿದರು, ದುಡ್ಡು ಕೇಳಬೇಡಿ ಅಂದಿದ್ದವರೇ ಬೆಳ್ಳಿಯದಕ್ಕೂ ಇದಕ್ಕೂ ವ್ಯತ್ಯಾಸ ವಾಪಸ್ ಕೊಡುತ್ತೇನೆ ಅಂದರು. ನಾನು ತಲೆಯಾಡಿಸಿ ಒಪ್ಪಿದೆ. “ಏನು, ಬಾಗಿಲವರೆಗೆ ಹೋಗಿ ಬರಲ್ವಾ?” ಅಂದರು.

“ಕೊನೇ ಬಸ್ಸಲ್ಲಿ ಸೀಟು ಹೋಗ್ತದೆ ಮಾರಾಯ್ರೇ,” ಅಂದೆ.

ಭಾನುವಾರ ಕ್ಲಾಸಿನಲ್ಲಿ ಎಲ್ಲರ ಮುಂದೆಯೂ ಹೊಸ ಹೊಸ ಲ್ಯಾಪ್‌ಟಾಪು. ನನ್ನದರ ಒಡೆದ ಮೂಲೆ ನೋಡಿ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಬ್ಯಾಟರಿಯನ್ನು ನಂಬದೆ ನಾನು ಕಿಟಕಿ ಪಕ್ಕದ ಪ್ಲಗ್ಗಿಗೆ ವೈರು ಹಾಕಿಕೊಂಡು ಕೂತಿದ್ದೆ. ಮೇಡಂ ಒಬ್ಬೊಬ್ಬರದನ್ನೇ ನೋಡುತ್ತಾ ನನ್ನ ಹತ್ತಿರ ಬಂದರು. ಅಂಗೈ ಬೆವರಿ ಮೌಸ್ ಜಾರುತ್ತಿತ್ತು. ಪಂಚೆಗೆ ಒರೆಸಿಕೊಂಡು ಎಳೆದೆ. ಡ್ರಮ್ಮು ಒಂದು ಸುತ್ತು ಬಂತು, ಎರಡು ಸುತ್ತು ಬಂತು. ನಕ್ಕವಳೂ ಎದ್ದು ಬಂದು ನೋಡಿದಳು.

ಮೇಡಂ ಬಗ್ಗಿ ಪರದೆಗೆ ಬೆರಳು ಇಟ್ಟರು. “ಸರ್, ಇಲ್ಲಿ ಕೊನೇ ಸಾಲಿನ ಗುಳ್ಳೆ ಓರೆ ಆಗಿದೆ.”

“ಶೆಡ್ಡಲ್ಲಿರೋ ಮೆಷಿನ್ನಲ್ಲೂ ಅಲ್ಲಿ ಓರೆನೇ ಮೇಡಂ. ಯಾರೋ ಹಿಂದೆ ಸುತ್ತಿಗೆಯಲ್ಲಿ ಹೊಡೆದಿದ್ದಾರೆ. ಇದ್ದದ್ದನ್ನ ಇದ್ದ ಹಾಗೆ ಬರೆದಿದ್ದೀನಿ.”

ಆಕೆ ಇನ್ನೊಂದು ಸಲ ಡ್ರಮ್ಮನ್ನು ತಾವೇ ತಿರುಗಿಸಿ ನೋಡಿದರು. ಹಾಜರಿ ಪುಸ್ತಕದಲ್ಲಿ ಒಂದು ಗೆರೆ ಹಾಕಿ, “ಆ ಪ್ಲಗ್ ನಿಮಗೇ ಇರ್ಲಿ ಸರ್,” ಅಂತ ಮುಂದಿನವರ ಹತ್ತಿರ ಹೋದರು.